ಪುತಳವ್ವ ಕಾದು ಕೇಳಿದ ಮಾತು

ಮೊಕ್ಕಾಂ ಹಿರೇಕೆರೂರು, ಥೇಟರಿನ ಹಿಂದಿನ ಬಣ್ಣದ ಕೋಣೆ
ಫೆಬ್ರವರಿ ಮೂವತ್ತು, ೨೧೪೪, ಮಧ್ಯಾಹ್ನ

ನನ್ನ ಅವ್ವನ ಅವ್ವನ ಅವ್ವ, ರಾಣೆಬೆನ್ನೂರಿನ ನಾಟಕದ ಡ್ರೆಸ್ ಅಂಗಡಿಯ ಒಡತಿ, ಸಾವಂತ್ರೆವ್ವ ತಾಯಿಯ ಪಾದಗಳಿಗೆ, ಇನ್ನೂ ಹುಟ್ಟಿರದ ಮರಿಮಗಳು ನಿಂಬೆವ್ವ ಹರ್ಲಾಪುರ ಮಾಡುವ ಉದ್ದಂಡ ನಮಸ್ಕಾರ!

ಮೇಲಿನ ತಾರೀಕು ನೋಡಿ ಬೆಚ್ಚಬೇಡ, ತಾಯಿ. ನಮ್ಮ ಕಾಲದಲ್ಲಿ ತಿಂಗಳುಗಳ ಜಗಳ ತೀರಿಹೋಗಿದೆ. ಎಲ್ಲರಿಗೂ ಸಮನಾಗಿ ಮೂವತ್ತು ದಿನ ಹಂಚಿ, ಮಿಕ್ಕಿದ್ದನ್ನು ವರ್ಷದ ಕೊನೆಗೆ ಗುಡ್ಡೆ ಹಾಕಿದ್ದಾರೆ. ಆ ದಿನಗಳಿಗೆ ಹೆಸರಿಲ್ಲ, ವಾರವಿಲ್ಲ, ನಾಟಕ ಮಾತ್ರ ಉಂಟು. ಈ ಕಾಗದ ನಿನ್ನ ಕೈಗೆ ಹೇಗೆ ಬಂತೆಂದೂ ಕೇಳಬೇಡ. ಹಿಂದಂಚೆ ಎಂಬುದೊಂದಿದೆ, ಕಾಲದಲ್ಲಿ ಹಿಂದಕ್ಕೆ ಹೋಗುವ ಟಪಾಲು. ಯುದ್ಧ, ಚುನಾವಣೆ, ಲಾಟರಿಯ ಸುದ್ದಿ ಬರೆದರೆ ಅದು ಮುಟ್ಟುವುದೇ ಇಲ್ಲ. ಸಂಸಾರದ ಮಾತಾದರೆ ತಲೆಯ ಮೇಲೆ ಹೊತ್ತು ಒಯ್ಯುತ್ತದೆ. ನಡುನಡುವೆ ನೀನು ಕೇಳಿರದ ಶಬ್ದಗಳು ಬಂದಾವು, ಕ್ಷಮೆ ಇರಲಿ. ನನ್ನ ದನಿ ಜೋರಾಯಿತು ಅನ್ನಿಸಿದರೆ ಅದಕ್ಕೆ ಕ್ಷಮೆ ಕೇಳುವವಳು ನಾನಲ್ಲ. ಈ ಗಂಟಲು ನಿನ್ನಿಂದಲೇ ಬಂದದ್ದು. ನೀನು ಅಂಗಡಿಯಲ್ಲಿ ಕೂತು ಕೂಗಿದರೆ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಸೀಟಿ ಊದುವುದನ್ನು ಮರೆಯುತ್ತಿದ್ದನಂತೆ!

ನೀನೀಗ ಹೊಸ ಎಲೆಕ್ಟ್ರಿಕ್ ಕಾರು ಬುಕ್ ಮಾಡಿ ದಾರಿ ಕಾಯುತ್ತಿದ್ದೀಯ. ಮೊಬೈಲಿನಲ್ಲಿ ಅದರ ಚಿತ್ರ ಹಿಗ್ಗಿಸಿ ಹಿಗ್ಗಿಸಿ ನೋಡುತ್ತೀಯ. ಸೀಟು ತಣ್ಣಗಾಗುತ್ತದಂತೆ, ಮಾಳಿಗೆಗೆ ಗಾಜಂತೆ, ತಾನೇ ಸಂದಿಯಲ್ಲಿ ಹೋಗಿ ನಿಲ್ಲುತ್ತದಂತೆ! ನಿನ್ನ ಯಜಮಾನರು ಬಾಗಿಲಲ್ಲಿ ನಿಂತು, "ಡ್ರೆಸ್ಸಿನ ಟ್ರಂಕು ಹಿಡಿದ್ರ ಸಾಕಲ್ಲ, ಈ ಸೊಗಸೆಲ್ಲ ಯಾಕ?" ಎಂದರೆ ನೀನು, "ಟ್ರಂಕಿಗೆ ಟಂಟಂ ಗಾಡಿ ಐತಿ. ಕಾರು ಬರೋದು ನನ್ನ ಸಲುವಾಗಿ. ನೀವು ಬೇಕಾದ್ರ ಟ್ರಂಕಿನ ಕೂಡ ಬರ್ರಿ" ಅಂದೆಯಂತೆ. ಆಹಾ! ಈ ಮಾತು ನಮ್ಮ ಮನೆಯಲ್ಲಿ ಇಂದಿಗೂ ಗಂಡಸರ ಬೆನ್ನ ಹಿಂದೆ ಓಡಾಡುತ್ತಿದೆ.

ನೀನು ಕನಸು ಕಾಣುತ್ತಿರುವುದು ಬೀಜ, ತಾಯಿ. ನಾನು ಆ ಬೀಜದ ಮರದ ಕೆಳಗೆ ಕೂತು ಬರೆಯುತ್ತಿದ್ದೇನೆ. ನಮ್ಮ ಗಾಳೆವ್ವ ಪ್ರಸನ್ನ ನಾಟ್ಯ ಸಂಘದ ಕಾರಿನ ಹೆಸರು ಪುತಳವ್ವ. ಕಾರು ಎನ್ನುವ ಶಬ್ದ ಈಗ ಹಳೆಯದಾಯಿತು; ಸವಾರಿಮನೆ ಅನ್ನುತ್ತೇವೆ. ಹಿಡಿಯಲು ಚಕ್ರವಿಲ್ಲ, ಒತ್ತಲು ಪೆಡಲ್ಲಿಲ್ಲ. ಸೀಟುಗಳು ಎದುರುಬದುರು, ನಡುವೆ ಎಲೆಯಡಿಕೆ ಹರಡಿ ಕೂರುವಷ್ಟು ಜಾಗ. ಮೈಗೆ ಬಿಸಿಲುಣ್ಣುವ ಬಣ್ಣ ಬಳಿದಿದ್ದಾರೆ. ಮರದ ನೆರಳಲ್ಲಿ ನಿಲ್ಲಿಸಿದರೆ ಹಸಿದ ಕೂಸಿನಂತೆ ತಾನೇ ಬಿಸಿಲಿಗೆ ಸರಿಯುತ್ತಾಳೆ. ದೊಡ್ಡ ರಸ್ತೆಗಳೆಲ್ಲ ಊಡುದಾರಿಗಳು. ಮೇಲೆ ಹಾಯುವ ಗಾಡಿಗೆ ನೆಲವೇ ಕರೆಂಟು ಊಡುತ್ತದೆ. ನಿಂತು ಚಾರ್ಜು ಮಾಡುವುದೆಂದರೆ ಏನೆಂದು ನಮ್ಮ ಮಕ್ಕಳು ಕೇಳುತ್ತವೆ. ಗಾಲಿಗಳಿಗೆ ಏಡಿನಡೆ ಇದೆ: ಓಣಿ ಇಕ್ಕಟ್ಟಾದರೆ ಪುತಳವ್ವ ಹಿಂದೆ ಮುಂದೆ ಒದ್ದಾಡದೆ ಏಡಿಯ ಹಾಗೆ ಅಡ್ಡಡ್ಡ ನಡೆದು ಒಳಗೆ ಸೇರುತ್ತಾಳೆ. ಇನ್ನು ಕಿಟಕಿಗಳು! ಪರದೆಗಾಜು ಅನ್ನುತ್ತೇವೆ, ಬೇಕೆಂದ ಚಿತ್ರ ಅದರಲ್ಲಿ ಮೂಡುತ್ತದೆ. ಬೇರೆಯವರು ಸಮುದ್ರ ನೋಡುತ್ತಾರೆ, ಹಿಮ ನೋಡುತ್ತಾರೆ. ನಾವು ಅರಮನೆಯ ಪರದೆ, ಬೀದಿಯ ಪರದೆ, ಕಾಡಿನ ಪರದೆ ಇಳಿಸುತ್ತೇವೆ. ಸಣ್ಣ ಊರಿನಲ್ಲಿ ರಂಗಮಂಟಪ ಇಲ್ಲದಿದ್ದರೆ ಪುತಳವ್ವಳನ್ನೇ ಅಡ್ಡ ನಿಲ್ಲಿಸಿ ಅವಳ ಮುಂದೆಯೇ ನಾಟಕ ಆಡಿಬಿಡುತ್ತೇವೆ. ಲೈಟುಗಳೂ ಅವಳ ಹೊಟ್ಟೆಯಿಂದಲೇ. ಇಡೀ ಆಟ ಬೆಳಗಿದ ಮೇಲೂ ಮನೆಗೆ ಮರಳುವಷ್ಟು ತ್ರಾಣ ಉಳಿದಿರುತ್ತದೆ. ಆದ್ದರಿಂದ ಇದನ್ನು ಮನಸ್ಸಿನಲ್ಲಿಡು: ಪುತಳವ್ವ ಬಂದು ಮುಟ್ಟದೆ ನಮ್ಮ ರಂಗದ ಮೇಲೆ ಬೆಳಕಿಲ್ಲ.

ಆದರೆ ಸೊಗಸಿಗಿಂತ ಅವಳ ನಡತೆ ದೊಡ್ಡದು. ನಮ್ಮ ಸೀಮೆಯ ಮಾತನ್ನೇ ಆಡುತ್ತಾಳೆ. ನನ್ನ ಮೊಣಕಾಲು ನೋಯುವ ದಿನ ಕೇಳದೆಯೇ ಮೆಟ್ಟಿಲು ಇಳಿಸಿ, "ಸಾವಕಾಶ ಏರ್ರಿ ನಿಂಬೆವ್ವಾರ, ರಾಜ್ಯ ಎಲ್ಲೂ ಓಡಿಹೋಗಂಗಿಲ್ಲ" ಅನ್ನುತ್ತಾಳೆ. ಸೇನಾಪತಿಯ ಪಾತ್ರದ ಮೌಲಾಸಾಬ ಹೊಟ್ಟೆ ಬಿಟ್ಟದ್ದರಿಂದ ಬೆಲ್ಟು ಬಿಗಿಯಾದರೆ, "ಬೆಲ್ಟು ಉದ್ದ ಮಾಡಲೋ, ಸೇನಾಪತಿಗೋಳ ಮಿರ್ಚಿ ಕಡಿಮಿ ಮಾಡಲೋ?" ಎಂದು ಕೇಳುತ್ತಾಳೆ. ಅವನು, "ಗಾಡಿ ಹಂಗ ಇರವಾ, ಅತ್ತಿ ಆಗಬ್ಯಾಡ!" ಎಂದು ಗದರುತ್ತಾನೆ. ಎಲ್ಲರಿಗಿಂತ ಹೆಚ್ಚು ಅವಳು ಪ್ರೀತಿಸುವುದು ನನ್ನ ತಮ್ಮನ ಮಗಳು ಬೆಳ್ಳೆವ್ವಳನ್ನು. ಯಂತ್ರಕ್ಕೆ ಪ್ರೀತಿ ಉಂಟೇ ಎಂದು ನೀನು ನಗಬಹುದು. ಮುಂದೆ ಓದಿ ನಗು.

ಬೆಳ್ಳೆವ್ವಳಿಗೆ ಉಗ್ಗು. ನಿನ್ನ ಗಂಟಲು ನನಗೆ ಬಂದಂತೆ, ಯಾರ ಕಡೆಯಿಂದಲೋ ಈ ಉಗ್ಗು ಅವಳಿಗೆ ಬಂದಿದೆ. ನಮ್ಮ ಕಾಲದಲ್ಲಿ ಔಷಧಿ ಇಲ್ಲವೇ ಎಂದರೆ ಇದೆ. ಅವಳೇ ಬೇಡ ಅಂದಳು. ಅವಳು ಬಾಯಿ ತೆರೆದರೆ ಇಡೀ ಕಂಪನಿ ಮುಂದೆ ಬಿದ್ದು ಅವಳ ಮಾತು ಮುಗಿಸುತ್ತದೆ. "ನೀ... ನೀ..." ಎಂದರೆ ಒಬ್ಬ ನೀರು ತರುತ್ತಾನೆ, ಇನ್ನೊಬ್ಬ ನೀಲಿ ಸೀರೆ ತರುತ್ತಾನೆ, ಅವಳು ಹೇಳಬೇಕೆಂದದ್ದು "ನೀವು ಸರೀರಿ" ಎಂದಿರುತ್ತದೆ! ಪುತಳವ್ವ ಹಾಗಲ್ಲ. ಬೆಳ್ಳೆವ್ವ ಎಷ್ಟು ಹೊತ್ತು ತೆಗೆದುಕೊಂಡರೂ ಅವಳು ನಡುವೆ ಬರುವುದಿಲ್ಲ, ಊಹಿಸುವುದಿಲ್ಲ, ಮತ್ತೊಮ್ಮೆ ಹೇಳು ಅನ್ನುವುದಿಲ್ಲ. ಮಾತು ಪೂರ್ತಿಯಾದ ಮೇಲೆ "ಆತು ನೋಡವ್ವ" ಎನ್ನುತ್ತಾಳೆ, ಅಷ್ಟೆ.

ಇಂಥ ಬೆಳ್ಳೆವ್ವ ಹತ್ತು ವರ್ಷ ರಂಗದ ಮೇಲೆ ಚಾಮರ ಬೀಸಿದಳು, ಬಾಯಿ ಬಿಡಲಿಲ್ಲ. ಹೋದ ತಿಂಗಳು ನಮ್ಮ ರಾಣಿ ಪಾತ್ರದವಳು ಮದುವೆಯಾಗಿ ಬೇರೆ ಕಂಪನಿ ಸೇರಿದಳು. 'ಕೋಟೆಬಾಗಿಲ ನಾಗಲಾಂಬೆ' ಆಟಕ್ಕೆ ರಾಣಿಯಿಲ್ಲ! ಆಗ ಬೆಳ್ಳೆವ್ವ ನನ್ನನ್ನು ಕೆರೆಯ ಏರಿಗೆ ಕರೆದೊಯ್ದು, ಮುಖಕ್ಕೆ ಒಂದು ಬೊಟ್ಟು ಬಣ್ಣ ಹಚ್ಚಿಕೊಂಡು, ನಾಗಲಾಂಬೆಯ ಗೋಳಾಟವನ್ನು ಮೊದಲಿಂದ ಕೊನೆಯವರೆಗೆ ಹೇಳಿಬಿಟ್ಟಳು. ಒಂದೇ ಒಂದು ಅಕ್ಷರ ತಡವರಿಸಲಿಲ್ಲ, ತಾಯಿ! ನೀರು ಕುಡಿಯಲು ಬಂದ ಎಮ್ಮೆಗಳು ತಲೆ ಎತ್ತಿ ನಿಂತವು. ಬಣ್ಣ ಹಚ್ಚಿದರೆ ಉಗ್ಗು ಬಿಡುತ್ತದೆ ಎಂದು ಅವಳಿಗೆ ಎಂದೋ ಗೊತ್ತಿತ್ತಂತೆ. ಆದರೂ ಮೊದಲ ಆಟದ ಬೆಳಗ್ಗೆ ಅವಳು ನನ್ನ ಬಳಿ ಬಂದಳು. "ಇ... ಇವತ್ತ ಆಗ್ಲಿಲ್ಲಂದ್ರ ನಾ ಚಾ... ಚಾಮರಕ್ಕ ವಾಪಸ್. ಮತ್ತ ಯಾ... ಯಾವತ್ತೂ ನನ್ನ ಕೇಳಬ್ಯಾಡ ಅತ್ತಿ" ಅಂದಳು. ಹಠಮಾರಿ, ಅಂದದ್ದನ್ನು ಮಾಡುವವಳು. ಆ ಸಂಜೆ ಅವಳು ರಂಗ ಏರಬೇಕು, ಇಲ್ಲವೇ ಜೀವನವಿಡೀ ಚಾಮರ.

ನಮ್ಮ ಕಂಪನಿಯ ಒಂದು ಕಟ್ಟಳೆ ನಿನಗೆ ಹೇಳಬೇಕು. ಬಣ್ಣ ಹಚ್ಚಿದ ಮೇಲೆ, ಮೊದಲ ಅಂಕದ ಪರದೆ ಬೀಳುವವರೆಗೆ, ಯಾರೂ ಸ್ವಂತ ಮಾತು ಆಡುವಂತಿಲ್ಲ. ಆಡಿದರೆ ಪಾತ್ರದ ಮಾತು ಆಡಬೇಕು, ಅದೂ ಆಟದಲ್ಲಿ ಇದ್ದದ್ದೇ ಇದ್ದ ಹಾಗೆ. ಸ್ವಂತ ಮಾತು ಬಂದರೆ ಪಾತ್ರ ಮೈಯಿಂದ ಇಳಿದು ಹೋಗುತ್ತದೆ ಎಂದು ಹಿರಿಯರ ನಂಬಿಕೆ. ನೀರಡಿಸಿದರೆ ಮೌಲಾಸಾಬ, "ಶತ್ರುವಿನ ರಕ್ತ ಕುಡಿಯದೆ ಈ ದಾಹ ತೀರದು!" ಎಂದು ಗರ್ಜಿಸುತ್ತಾನೆ, ನಾವು ಶರಬತ್ತು ಕೊಡುತ್ತೇವೆ. ಬೆಳ್ಳೆವ್ವಳಿಗಂತೂ ಈ ಕಟ್ಟಳೆಯೇ ಉಸಿರು. ಬಣ್ಣದ ಮೇಲೆ ಒಂದು ಸ್ವಂತ ಮಾತು ಆಡಿದರೆ ಉಗ್ಗು ಅದರ ಬೆನ್ನು ಹತ್ತಿ ರಂಗಕ್ಕೂ ಬಂದೀತೆಂದು ಅವಳ ಭಯ.

ನಮ್ಮ ಹಿಂದಿನ ಮೊಕ್ಕಾಂ ಸವಣೂರಿನಲ್ಲೇ ಬಣ್ಣ ಹಚ್ಚಿಕೊಂಡೆವು. ಉಳಿದವರು ಮುಂಚೆಯೇ ಆಟವಿದ್ದ ಹಿರೇಕೆರೂರಿಗೆ ಹೋಗಿದ್ದರು. ಪುತಳವ್ವಳ ಒಳಗೆ ಮೂವರು: ಗಡ್ಡ ಅಂಟಿಸಿದ ಕಪಟ ಮಂತ್ರಿ ನಾನು, ಮೀಸೆಯ ಸೇನಾಪತಿ ಮೌಲಾಸಾಬ, ಕಿರೀಟದ ರಾಣಿ ಬೆಳ್ಳೆವ್ವ. ಹಾದಿಯಲ್ಲಿ ಅವಳು ಗಂಟಲು ಬೆಚ್ಚಗೆ ಮಾಡಿಕೊಳ್ಳಲು ಶುರುಮಾಡಿದಳು. "ಎಲೈ ಕೋಟೆಬಾಗಿಲೇ! ನನ್ನ ಕಂದ ಹೊರಡುವಾಗ ತೆರೆದುಕೊಂಡ ನೀನು, ಅವನ ಹೆಣ ಬಂದಾಗ ಏಕೆ ಮುಚ್ಚಿಕೊಂಡೆ? ಒಡೆದುಹೋಗಲಿ ನನ್ನೆದೆ! ನಿಂತುಹೋಗಲಿ ನನ್ನುಸಿರು!" ಕಣ್ಣೀರು ಧಾರಾಕಾರ!

ಈಗ ಮನಗಾವಲು ಎಂಬ ಶಬ್ದ ತಿಳಿದುಕೋ. ನಮ್ಮ ಸವಾರಿಮನೆಗಳು ಒಳಗೆ ಕೂತವರ ದನಿ, ನಾಡಿ, ಕಣ್ಣೀರು ಗಮನಿಸುತ್ತವೆ. ಸಂಕಟ ಕಂಡರೆ ಹೋಗಬೇಕಾದ ಊರು ಬಿಟ್ಟು ಹತ್ತಿರದ ನೆಮ್ಮದಿಕಟ್ಟೆಗೆ ಒಯ್ಯುತ್ತವೆ. ಅಲ್ಲಿ ಆರೈಕೆಯವರು ಬಂದು ನೋಡುವವರೆಗೆ ಬಾಗಿಲು ತೆರೆಯುವುದಿಲ್ಲ. ಸಂಕಟ ಇಲ್ಲವೆನ್ನುವ ಹಕ್ಕು ಸಂಕಟಪಟ್ಟವರದ್ದು ಮಾತ್ರ, ಅದೂ ಅವರ ಸ್ವಂತ ದನಿಯಲ್ಲಿ. ಪಕ್ಕದಲ್ಲಿ ಕೂತ ಗಂಡ, ಅತ್ತೆ, ಮಾವ "ಆಕೀಗೇನೂ ಆಗಿಲ್ಲ, ನಡಿ" ಎಂದರೆ ನಡೆಯುವುದಿಲ್ಲ. ಒಳ್ಳೆಯ ಕಾನೂನು, ತಾಯಿ, ಎಷ್ಟೋ ಹೆಣ್ಣುಮಕ್ಕಳ ಜೀವ ಉಳಿಸಿದೆ. ನಮ್ಮ ಗೋಳಾಟಗಳನ್ನೆಲ್ಲ ಪುತಳವ್ವ ಬಲ್ಲಳು. ನಾನು ಅತ್ತರೆ ಆಕಳಿಸುತ್ತಾಳೆ! ಆದರೆ ಬೆಳ್ಳೆವ್ವ ತಡವರಿಸದೆ ಮಾತಾಡಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. ತನ್ನ ಕೂಸು ಉಗ್ಗದೆ ಮಾತಾಡುತ್ತಿದೆ, ಸಾವು ಬೇಡುತ್ತಿದೆ; ಏನೋ ದೊಡ್ಡದೇ ಆಗಿದೆ ಎಂದು ಆ ಯಂತ್ರದ ಕರುಳು ಕಿತ್ತುಬಂತು. ಆ ಗಾಬರಿಯಲ್ಲಿ ಅವಳು ಬಲ್ಲ ನಾಟಕದ ಸಾಲುಗಳೂ ಅವಳಿಗೆ ನಿಜವೆನ್ನಿಸಿದವು.

"ಬೆಳ್ಳೀ, ಏನಾತವ್ವ ನಿನಗ?" ಎಂದಳು. ಗಾಡಿ ಎಡಕ್ಕೆ ತಿರುಗಿಬಿಟ್ಟಿತು. ಹಿರೇಕೆರೂರು ಬಲಕ್ಕೆ! ಮೌಲಾಸಾಬ ಗಾಬರಿಯಾಗಿ ತನ್ನ ಪಾತ್ರವನ್ನೆಲ್ಲ ಮನಸ್ಸಿನಲ್ಲಿ ತಡಕಾಡಿ, ಸಮಾಧಾನದ್ದೊಂದು ಸಾಲು ಹೆಕ್ಕಿ ತೆಗೆದ: "ಹೆದರಬೇಡ ಸುಂದರಿ!" ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಅರ್ಧ ಮಾತು ಬಿಡುವ ನಟನೇ ಅವನು? "ಇನ್ನು ನಿನಗೆ ಯಾರ ಆಸರೆಯೂ ಇಲ್ಲ! ನೀನು ನನ್ನ ಸೆರೆಯಾಳು!" ಪುತಳವ್ವಳ ಬಾಗಿಲುಗಳು ಖಟ್ ಎಂದು ಬಿಗಿದುಕೊಂಡವು. ನಾನು ಮಂತ್ರಿ, ನನ್ನ ಬತ್ತಳಿಕೆಯಲ್ಲಿ ಇದ್ದದ್ದು ಒಂದೇ ಮೆತ್ತಗಿನ ಮಾತು. "ಶಾಂತಳಾಗು ಮಹಾರಾಣಿ. ಹಾಲಿನಲ್ಲಿ ಬೆರೆಸಿದ್ದು ಬೇಗನೆ ಕೆಲಸ ಮಾಡುತ್ತದೆ." "ಏನ್ ಬೆರಸೀರಿ ಹಾಲಿನ್ಯಾಗ?" ಎಂದು ಪುತಳವ್ವ ಚೀರಿದಳು. ಗಾಡಿ ಚೀರುವುದನ್ನು ನಾನು ಅಂದೇ ಮೊದಲು ಕೇಳಿದ್ದು!

ಆಮೇಲೆ ನಡೆದದ್ದನ್ನು ಕೇಳು. ಕೂಸನ್ನು ಸಮಾಧಾನ ಮಾಡಲು ಅವಳು ತನ್ನ ಸೊಗಸುಗಳನ್ನೆಲ್ಲ ಒಟ್ಟಿಗೇ ಹೊರತೆಗೆದಳು. ಗಾಜಿನ ಮೇಲೆಲ್ಲ ತಾವರೆಕೆರೆ ಮೂಡಿತು. ಲಾವಂಚದ ವಾಸನೆ ಬುಸ್ಸೆಂದು ನುಗ್ಗಿತು. ಸೀಟು ಬೆನ್ನು ತಿಕ್ಕತೊಡಗಿತು. ರಾಣಿಯ ಕಿರೀಟ ಗಿಲಿಗಿಲಿ ಕುಣಿಯಿತು. ಬೆಚ್ಚನೆಯ ಗಾಳಿಗೆ ಮೌಲಾಸಾಬನ ಮೀಸೆಯ ಅಂಟು ಕರಗಿ ಒಂದು ಕಡೆಯದು ಗಲ್ಲಕ್ಕಿಳಿಯಿತು. ತಂಪುಪೆಟ್ಟಿಗೆ ತಾನೇ ತೆರೆದು ಮಜ್ಜಿಗೆ ಮುಂದೆ ಮಾಡಿತು. ಜೋಗುಳ ಬೇರೆ! ಇದರ ನಡುವೆ ನಾವು ಮೂವರೂ ಬಾಯಿ ಕಟ್ಟಿಸಿಕೊಂಡು, ಆಡಿದರೆ ವಿಷ, ಕೊಲೆ, ಸೆರೆಮನೆ ಬಿಟ್ಟು ಬೇರೆ ಮಾತಿಲ್ಲದೆ, ಕೈಕೈ ಹಿಸುಕಿಕೊಂಡು ಕೂತೆವು.

ಬೇವಿನ ಮರದ ಕೆಳಗಿನ ನೆಮ್ಮದಿಕಟ್ಟೆಯಲ್ಲಿ ಪುತಳವ್ವ ನಿಂತಳು. "ಆರೈಕೆಯವರು ಬ್ಯಾಡಗಿಯಿಂದ ಹೊಂಟಾರ. ಅವರು ಬರೂತನಕ ಬಾಗಿಲ ತೆಗಿಯಂಗಿಲ್ಲ. ಬೆಳ್ಳೀ, ನಾ ಅದೀನಿ, ಅಂಜಬ್ಯಾಡ." ಹೊರಗೆ ಬಿಸಿಲು ಇಳಿಯುತ್ತಿತ್ತು. ಹಿರೇಕೆರೂರಿನಲ್ಲಿ ಜನ ಚಾಪೆ ಹಾಸಿ ಕೂತಿರಬೇಕು. ಲೈಟಿಲ್ಲದ ರಂಗದ ಮೇಲೆ ನಮ್ಮವರು ನಮ್ಮ ದಾರಿ ನೋಡುತ್ತಿರಬೇಕು. ನಾನು ಬೆಳ್ಳೆವ್ವಳನ್ನು ನೋಡಿದೆ. ಅವಳೊಬ್ಬಳೇ ಈ ಬಾಗಿಲು ತೆರೆಸಬಲ್ಲಳು, ಅದೂ ಸ್ವಂತ ಮಾತಿನಿಂದ. ಆ ಮಾತು ಆಡಿದರೆ ರಾಣಿ ಕೈಬಿಟ್ಟು ಹೋದಾಳು. ಆಡದಿದ್ದರೆ ಆಟವೇ ಇಲ್ಲ. ನನ್ನ ಬಾಯಲ್ಲಿ ಮಾತು ಕುದಿಯುತ್ತಿತ್ತು. ಆಡುವಂತಿರಲಿಲ್ಲ, ಆಡಿದರೂ ಪುತಳವ್ವ ಒಪ್ಪುತ್ತಿರಲಿಲ್ಲ.

ಬೆಳ್ಳೆವ್ವ ಕಿರೀಟ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಬಾಯಿ ತೆರೆದಳು. "ಪು..." ಎಂದಳು. ನಿಂತಿತು. ಜೋಗುಳ ತಟ್ಟನೆ ಬಂದ್ ಆಯಿತು. ಸೀಟು ಸುಮ್ಮನಾಯಿತು. ಗಾಳಿ ಕೂಡ ನಿಂತಿತು, ತಾಯಿ. "ಪು... ಪು..." ಮೌಲಾಸಾಬ ತನ್ನ ಜೋತಾಡುವ ಮೀಸೆಯನ್ನು ಹಲ್ಲಿನಿಂದ ಕಚ್ಚಿ ಹಿಡಿದ. ನಾನು ಗಡ್ಡ ಕಚ್ಚಿದೆ. ಪುತಳವ್ವ ಮಾತ್ರ ಏನೂ ಕಚ್ಚಬೇಕಾಗಿರಲಿಲ್ಲ. ಅವಳಿಗೆ ಅವಸರ ಎಂಬುದೇ ಗೊತ್ತಿಲ್ಲ. "ಪುತಳವ್ವ, ನ... ನನಗ ಏನೂ ಆಗಿಲ್ಲ. ಅದು ನಾ... ನಾ... ನಾಟಕ. ನಾ ರಾ... ರಾಣಿ ಆಗೇನಿ ಇವತ್ತ. ನಡಿ, ತ... ತಡಾ ಆಗತೈತಿ." ಮಾತು ಮುಗಿದ ಮೇಲೂ ಪುತಳವ್ವ ಒಂದು ಗಳಿಗೆ ಕಾದಳು, ಇನ್ನೂ ಏನಾದರೂ ಉಳಿದಿದೆಯೇನೋ ಎಂದು. ಆಮೇಲೆ ಮೆಲ್ಲಗೆ, "ಈಗ ಮಾತಾಡಿದ್ದು ನೀನಽ ಅಂತ ಗೊತ್ತಾತು ನೋಡವ್ವ" ಎಂದಳು. ಅಂದವಳೇ ಆರೈಕೆಯವರಿಗೆ ಬೇಡವೆಂದು ಸುದ್ದಿ ಕಳಿಸಿ, ಏಡಿನಡೆಯಲ್ಲಿ ಕಟ್ಟೆಯಿಂದ ಹೊರಬಿದ್ದು, ಊಡುದಾರಿ ಹಿಡಿದು ಹಾರಿದಳು ನೋಡು! ಬೆಳ್ಳೆವ್ವ ಕಿರೀಟವನ್ನು ಮತ್ತೆ ತಲೆಗೇರಿಸಿಕೊಂಡಳು.

ಪರದೆ ಎದ್ದಿತು. ಪುತಳವ್ವಳ ಹೊಟ್ಟೆಯ ಬೆಳಕು ಕೋಟೆಬಾಗಿಲ ಮೇಲೆ ಬಿತ್ತು. ನಾಗಲಾಂಬೆ ಬಂದು ನಿಂತಳು, ಬಾಯಿ ತೆರೆದಳು. "ಎ... ಎ..." ಬೆನ್ನು ಹತ್ತಿ ಬಂದೇಬಿಟ್ಟಿತು! ರಂಗದ ಪಕ್ಕದ ಮರೆಯಿಂದ ನಮ್ಮವರು ಮುಂದಿನ ಶಬ್ದ ಕೊಟ್ಟರು. ಅವಳು ತೆಗೆದುಕೊಳ್ಳಲಿಲ್ಲ; ಕೈ ಎತ್ತಿ ತಡೆದಳು. ಓಡಿಹೋಗಲಿಲ್ಲ, ತಲೆ ತಗ್ಗಿಸಲಿಲ್ಲ. ತನ್ನ ಮಾತು ಬರುವವರೆಗೆ ತಾನೇ ಕಾಯುತ್ತ ನಿಂತಳು. ಮುಂದಿನ ಸಾಲಿನಲ್ಲಿ ಕುಪ್ಪಸದ ತೋಳಿಗೆ ಕನ್ನಡಿ ಹಚ್ಚಿದ ಮುದುಕಿಯೊಬ್ಬಳು ಕರುಣೆ ತಡೆಯಲಾರದೆ, "ಎಲೈ ಅನ್ನವ್ವ, ಎಲೈ..." ಎಂದು ಬಾಯಿ ಹಾಕಿದಳು. ಪಕ್ಕದವಳು ಅವಳ ತೊಡೆಗೊಂದು ತಿವಿದು, "ಸುಮ್ಮನಿರಽ, ರಾಣಿ ಮಾತಾಡಾಕತ್ತಾಳ" ಎಂದಳು. ಕೊನೆಗೆ ಮಾತು ತಾನಾಗಿಯೇ ಬಂತು. ಉಗ್ಗು ಕೊನೆಯವರೆಗೂ ಬಿಡಲಿಲ್ಲ. ಆಟ ಎಂದಿಗಿಂತ ಬಹಳ ತಡವಾಗಿ ಮುಗಿಯಿತು. ಅಲ್ಲಿಯವರೆಗೆ ಯಾರೂ ಎದ್ದುಹೋಗಲಿಲ್ಲ. ಬೆಳ್ಳೆವ್ವ ಮತ್ತೆ ಚಾಮರ ಮುಟ್ಟಲಿಲ್ಲ. ಇವತ್ತೂ ಅವಳದೇ ಆಟ, ಟಿಕೆಟ್ಟುಗಳೆಲ್ಲ ಮುಗಿದಿವೆ.

ಇಷ್ಟು ಬರೆದದ್ದು ಒಂದು ಬಿನ್ನಹಕ್ಕಾಗಿ, ಸಾವಂತ್ರೆವ್ವ ತಾಯಿ. ಬರುವ ವಾರ ಕಾರಿನ ಕಂಪನಿಯವರು ಬುಕ್ ಮಾಡಿದವರನ್ನೆಲ್ಲ ಕರೆದು, ಮುಂದಿನ ಗಾಡಿಗಳಲ್ಲಿ ಏನೇನಿರಬೇಕು ಹೇಳಿ ಎಂದು ಕೇಳುತ್ತಾರೆ. ನಿನಗೂ ಕರೆ ಬರುತ್ತದೆ. ಜನ ಎದ್ದೆದ್ದು ಸ್ಪೀಡು ಕೇಳುತ್ತಾರೆ, ದೊಡ್ಡ ಸ್ಕ್ರೀನು ಕೇಳುತ್ತಾರೆ, ಹಾಡಿನ ಡಬ್ಬಿ ಕೇಳುತ್ತಾರೆ. ಕೇಳಲಿ, ಅವೆಲ್ಲ ಬೇಕು. ನೀನೂ ತಣ್ಣನೆಯ ಸೀಟು ಬಿಡಬೇಡ. ಆದರೆ ನಿಮ್ಮ ಕಾಲದ ಮಾತಾಡುವ ಯಂತ್ರಗಳು, ಯಾರಾದರೂ ಒಂದು ಉಸಿರು ತಡೆದರೆ ಸಾಕು, "ಕ್ಷಮಿಸಿ, ಅರ್ಥವಾಗಲಿಲ್ಲ" ಎಂದು ಮುಖಕ್ಕೆ ಹೇಳಿಬಿಡುತ್ತವಂತೆ. ಇಂದು ತಿದ್ದದಿದ್ದರೆ ಅದೇ ಅವುಗಳ ಗುಣವಾಗಿ ಬೆಳೆದೀತು. ನೀನು ಎದ್ದು ನಿಲ್ಲು. ಆ ಗಂಟಲು ತೆರೆ. ಎದುರಿಗಿರುವವರ ಮಾತು ಪೂರ್ತಿಯಾಗುವವರೆಗೆ ಕಾಯುವ ಗಾಡಿ ಬೇಕು ಎಂದು ಕೇಳು. ಇದೆಂಥ ಸೌಲಭ್ಯ ಎಂದು ಅವರು ನಗುತ್ತಾರೆ, ಖಂಡಿತ ನಗುತ್ತಾರೆ. ಕೂರಬೇಡ, ತಾಯಿ. ಅವರ ನಗೆ ಮುಗಿಯುವವರೆಗೆ ಕಾದು, ಮತ್ತೊಮ್ಮೆ ಕೇಳು.

ನಿನ್ನ ಮರಿಮಗಳು,
ನಿಂಬೆವ್ವ